ಔಷಧ ವಿತರಣೆ: ಪ್ಯಾಕಿಂಗ್ ಮಾಡುವವರಿಗೂ ತರಬೇತಿ ಬೇಕು

ಮಾನ್ಯ ಸಂಪಾದಕರೇ,

ಔಷಧದ ಗುಣಮಟ್ಟದ ಚರ್ಚೆ ಯಾವಾಗಲೂ ಕಾರ್ಖಾನೆಯ ಗೇಟಿನಲ್ಲೇ ನಿಂತುಬಿಡುತ್ತದೆ. ತಯಾರಕರಿಗೆ 2023ರ ಡಿಸೆಂಬರ್‌ನಲ್ಲಿ ಪರಿಷ್ಕೃತ ಶೆಡ್ಯೂಲ್ ಎಂ, ಅಂದರೆ ಉತ್ತಮ ತಯಾರಿಕಾ ಪದ್ಧತಿಯ ನಿಯಮಾವಳಿ, ಬಂತು. ಗೇಟಿನಿಂದಾಚೆ ಗೋದಾಮು, ಸ್ಟಾಕಿಸ್ಟ್ (ಸಗಟು ವಿತರಕ), ಪಾರ್ಸೆಲ್ ಲಾರಿಗಳಲ್ಲಿ ಔಷಧವನ್ನು ಎತ್ತಿ ಇಳಿಸುವವರ ತಿಳಿವಳಿಕೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ಸಗಟು ಲೈಸೆನ್ಸಿಗೆ ಕನಿಷ್ಠ 10 ಚದರ ಮೀಟರ್ ಜಾಗ ಮತ್ತು ಒಬ್ಬ ಅರ್ಹ ವ್ಯಕ್ತಿ ಇರಬೇಕು. ಆ ವ್ಯಕ್ತಿ ಫಾರ್ಮಸಿಸ್ಟೇ ಆಗಬೇಕೆಂದಿಲ್ಲ. ಔಷಧ ಮಾರಾಟದಲ್ಲಿ ನಾಲ್ಕು ವರ್ಷ ಅನುಭವವಿರುವ ಎಸ್ಸೆಸ್ಸೆಲ್ಸಿ ಪಾಸಾದವರೂ ಆಗಬಹುದು. ಅನುಭವ ಬೇಡವೆನ್ನುತ್ತಿಲ್ಲ, ಆದರೆ ತಪ್ಪು ಪದ್ಧತಿಯೂ ಅನುಭವದಲ್ಲೇ ಬೇರೂರುತ್ತದೆ.

ಇನ್ಸುಲಿನ್ ಪ್ಯಾಕಿಂಗನ್ನೇ ನೋಡಿ. ಅದು 2ರಿಂದ 8 ಡಿಗ್ರಿಯಲ್ಲಿರಬೇಕು. ತಣ್ಣಗಿದ್ದಷ್ಟೂ ಒಳ್ಳೆಯದೆಂದು ಫ್ರೀಜರ್‌ನಿಂದ ತೆಗೆದ ಜೆಲ್ ಪ್ಯಾಕನ್ನು (ತಂಪು ಕಾಯುವ ಜೆಲ್ ತುಂಬಿದ ಚೀಲ) ನೇರವಾಗಿ ವಯಲ್‌ಗಳ (ಔಷಧದ ಪುಟ್ಟ ಸೀಸೆಗಳ) ಮೇಲಿಟ್ಟು ಥರ್ಮಾಕೋಲ್ ಡಬ್ಬಿ ಮುಚ್ಚುತ್ತಾರೆ. ತಾಗಿದ ಕಡೆ ಇನ್ಸುಲಿನ್ ಹೆಪ್ಪುಗಟ್ಟುತ್ತದೆ. ಕೆಲವು ಗಂಟೆ ಸೆಕೆ ತಗುಲಿದ್ದಕ್ಕಿಂತ ಇದು ದೊಡ್ಡ ಹಾನಿ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಬಳಸುವಂತಿಲ್ಲ, ಕರಗಿದ ಮೇಲೆ ಕಣ್ಣಿಗೆ ಗೊತ್ತಾಗದೆಯೂ ಇರಬಹುದು. ಹೆಪಟೈಟಿಸ್ ಬಿ, ಧನುರ್ವಾಯು ತಡೆಯುವ ಟಿಟಿಯಂಥ ಲಸಿಕೆಗಳಿಗೂ ಇದೇ ಗತಿ. ಮೊದಲು ಜೆಲ್ ಪ್ಯಾಕನ್ನು ಹೊರಗಿಟ್ಟು, ಮೇಲಿನ ಹಿಮ ಕರಗಿ, ಅಲುಗಿಸಿದರೆ ಒಳಗೆ ದ್ರವ ಆಡುವವರೆಗೆ ಕಾಯಬೇಕು. ಆಮೇಲೆ ಔಷಧಕ್ಕೂ ಅದಕ್ಕೂ ನಡುವೆ ರಟ್ಟು ಇಟ್ಟು, ತಾಪಮಾನವನ್ನು ತಾನೇ ದಾಖಲಿಸುವ ಡೇಟಾ ಲಾಗರನ್ನು ಸರಕಿನ ಮಧ್ಯದಲ್ಲಿ ಇಡಬೇಕು, ಮುಚ್ಚಳಕ್ಕೆ ಅಂಟಿಸಬಾರದು.

ಗೋದಾಮಿನಲ್ಲಿ ಇನ್ನೊಂದು ಎಡವಟ್ಟು. ಥರ್ಮಾಮೀಟರ್ ಮ್ಯಾನೇಜರ್ ಮೇಜಿನ ಪಕ್ಕ, ಫ್ಯಾನಿನ ಕೆಳಗೆ. ಮಾತ್ರೆ ಪೆಟ್ಟಿಗೆಗಳು ತಗಡಿನ ಸೂರಿಗೆ ತಾಗುವ ರ್‍ಯಾಕಿನಲ್ಲಿ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ರಿಜಿಸ್ಟರಿನಲ್ಲಿ ದಿನವೂ 28 ಡಿಗ್ರಿ ಎಂದಿದ್ದರೆ ನಂಬುವವರು ಯಾರು? ಸರಕು ತುಂಬಿರುವಾಗಲೇ, ಕಡು ಬೇಸಿಗೆಯಲ್ಲೇ, ಕೆಳಗೆ, ನಡುವೆ, ಮೇಲೆ ಮತ್ತು ಬಾಗಿಲ ಬಳಿ ಲಾಗರ್ ಇಟ್ಟು ಒಂದು ವಾರ ತಾಪಮಾನ ದಾಖಲಿಸಬೇಕು. ಕಾಯಂ ಥರ್ಮಾಮೀಟರ್ ನೇತುಹಾಕಬೇಕಾದ್ದು ಹೆಚ್ಚು ಬಿಸಿ ಕಂಡ ಜಾಗದಲ್ಲಿ. ಅದರ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯೇ ಎಂಬ ತಪಾಸಣೆ) ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದ್ದಾಗಿರಲಿ.

ಅಂಗಡಿಯಿಂದ ವಾಪಸ್ ಬಂದ ಸ್ಟ್ರಿಪ್‌ಗಳನ್ನು ಹಾಗೆಯೇ ಮಾರುವ ಸ್ಟಾಕಿಗೆ ಸೇರಿಸುವುದೂ ಅಪಾಯವೇ. ನಕಲಿ ಔಷಧ ನುಸುಳುವ ಬಾಗಿಲುಗಳಲ್ಲಿ ಇದೂ ಒಂದು. ಪ್ರತ್ಯೇಕ ಬೀಗದ ಕಪಾಟಿನಲ್ಲಿಟ್ಟು, ಬ್ಯಾಚ್ ನಂಬರ್ ನಮ್ಮದೇ ಬಿಲ್ಲಿಗೆ ಹೊಂದುತ್ತದೆಯೇ ಎಂದು ನೋಡಿದ ಮೇಲಷ್ಟೇ ತೀರ್ಮಾನ. ಕೇಂದ್ರದ ಮಾರ್ಗಸೂಚಿಯಂತೆ ಪ್ರಾಣಾಪಾಯದ ಬ್ಯಾಚನ್ನು 24 ಗಂಟೆಗಳಲ್ಲಿ, ಹೆಚ್ಚೆಂದರೆ 72 ಗಂಟೆಗಳಲ್ಲಿ ಹಿಂಪಡೆಯಬೇಕು. ಬಿಲ್ಲಿನಲ್ಲಿ ಬ್ಯಾಚ್ ನಂಬರ್ ತಪ್ಪಿದ್ದರೆ ಹುಡುಕುವುದೆಲ್ಲಿ?

ಈಗ ಖಾಸಗಿ ಏಜೆನ್ಸಿಗಳು ‘ಡಬ್ಲ್ಯುಎಚ್‌ಒ–ಜಿಡಿಪಿ’ (ಜಿಡಿಪಿ ಎಂದರೆ ಉತ್ತಮ ವಿತರಣಾ ಪದ್ಧತಿ) ಹೆಸರಿನ ಪ್ರಮಾಣಪತ್ರ ಮಾರುತ್ತಿವೆ. ವಿಶ್ವ ಆರೋಗ್ಯ ಸಂಸ್ಥೆ ಉತ್ತಮ ಸಂಗ್ರಹಣೆ ಮತ್ತು ವಿತರಣೆಯ ಮಾರ್ಗಸೂಚಿ ಪ್ರಕಟಿಸುತ್ತದೆಯೇ ಹೊರತು ಯಾವ ಸ್ಟಾಕಿಸ್ಟನಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಗೋಡೆಗೆ ಕಟ್ಟು ಹಾಕಿಸಿಟ್ಟ ಆ ಕಾಗದವನ್ನು ನಂಬಿ ಆಸ್ಪತ್ರೆಗಳು ಆರ್ಡರ್ ಕೊಡಬಾರದು.

ಲೈಸೆನ್ಸಿನ ನಿಯಮ ಕೇಂದ್ರದ್ದು, ನಿಜ. ಆದರೆ ಟೆಂಡರ್ ಷರತ್ತು ರಾಜ್ಯದ ಕೈಯಲ್ಲಿದೆ. ಸರ್ಕಾರಿ ಆಸ್ಪತ್ರೆಗಳಿಗೆ ಔಷಧ ಖರೀದಿಸುವ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮವು, ಸಾಗಣೆ ಮಾಡುವವರ ಸಿಬ್ಬಂದಿಗೆ ಮಾನ್ಯತೆ ಪಡೆದ ತರಬೇತಿ ಆಗಿರಬೇಕೆಂದು ಷರತ್ತು ಹಾಕಲಿ. ತರಬೇತಿಯನ್ನು ಔಷಧ ನಿಯಂತ್ರಣ ಅಧಿಕಾರಿಗಳು ಫಾರ್ಮಸಿ ಕಾಲೇಜುಗಳ ಜೊತೆ ಸೇರಿ ಕನ್ನಡದಲ್ಲೇ ನಡೆಸಲಿ. ಮಾಲೀಕರಷ್ಟೇ ಅಲ್ಲ, ಪ್ಯಾಕಿಂಗ್ ಮಾಡುವವರು, ವ್ಯಾನ್ ಚಾಲಕರೂ ಕೂರಲಿ. ಪರೀಕ್ಷೆ ಕಾಗದದ ಮೇಲೆ ಬೇಡ. ಪರೀಕ್ಷಕರ ಎದುರೇ ಒಂದು ಡಬ್ಬಿ ಪ್ಯಾಕ್ ಮಾಡಿಸಿ, 24 ಗಂಟೆ ಬಿಟ್ಟು ಅದರ ಲಾಗರ್ ಓದಿ ಅಂಕ ಕೊಡಲಿ.

– ಔಷಧ ವಿತರಣಾ ತರಬೇತುದಾರರು, ಹುಬ್ಬಳ್ಳಿ