ಠಸ್ಸೆ ಡಬ್ಬಿಗೆ ಒಂದು ಗೇಣು ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಾನು ರಬ್ಬರ್ ಸ್ಟ್ಯಾಂಪ್ ಮಾಡುವವನು. ಅವೆನ್ಯೂ ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ ಆರು ಅಡಿ ಅಗಲದ ಅಂಗಡಿ. 34 ವರ್ಷದಿಂದ ‘ಸ್ವೀಕರಿಸಲಾಗಿದೆ’, ‘ಪಾವತಿಸಲಾಗಿದೆ’, ‘ಮುಖ್ಯೋಪಾಧ್ಯಾಯರು’ ಇವನ್ನೇ ಉಲ್ಟಾ ಓದಿ ಓದಿ, ಈಗ ನೆಟ್ಟಗಿರುವ ಅಕ್ಷರವೇ ನನಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಎಲ್ಲರೂ ಡಿಜಿಟಲ್ ಸಹಿ ಅನ್ನತೊಡಗಿದ ಮೇಲೆ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ ಜಾಸ್ತಿ. ಆದರೆ ಈ ಪತ್ರ ವ್ಯಾಪಾರದ ಗೋಳು ಹೇಳಿಕೊಳ್ಳಲು ಅಲ್ಲ. ಲೆಟರ್‌ಬಾಕ್ಸಿಂಗ್ ಅನ್ನುವ ಒಂದು ಆಟ ಇದೆ. ಅದನ್ನು ಹೊಸಬರಿಗೆ ತೋರಿಸೋಣ ಅಂತ ಬಸವನಗುಡಿಯಲ್ಲಿ ಒಂದು ಭಾನುವಾರ ಕಾರ್ಯಕ್ರಮ ಮಾಡಿದೆವು. ಅದರ ಕಥೆ ಹೇಳಿ, ಕೊನೆಗೆ ಒಂದು ಗೇಣು ಜಾಗ ಕೇಳುವವನಿದ್ದೇನೆ.

ಲೆಟರ್‌ಬಾಕ್ಸ್ ಅಂದ ಕೂಡಲೇ ಎಲ್ಲರೂ ಕೆಂಪು ಅಂಚೆ ಡಬ್ಬ ಅಂದುಕೊಳ್ಳುತ್ತಾರೆ. ನಮ್ಮ ಮನೆಯವಳು ಕಡೆಯ ‘ಬಾಕ್ಸಿಂಗ್’ ಅಷ್ಟೇ ಕೇಳಿಸಿಕೊಂಡು, “ಈ ವಯಸ್ಸಲ್ಲಿ ಯಾರ ಹತ್ರ ಹೊಡೆಸಿಕೊಳ್ಳೋಕೆ ಹೊರಟಿದ್ದೀರಿ?” ಅಂದಳು. ಎರಡೂ ಅಲ್ಲ. ಒಬ್ಬರು ಒಂದು ಪುಟ್ಟ ಡಬ್ಬಿಯೊಳಗೆ ಒಂದು ಪುಸ್ತಕ, ಕೈಯಲ್ಲಿ ಕೆತ್ತಿದ ಒಂದು ಠಸ್ಸೆ ಇಟ್ಟು ಎಲ್ಲೋ ಬಚ್ಚಿಡುತ್ತಾರೆ. ಅದು ಎಲ್ಲಿದೆ ಅಂತ ಸುಳಿವು ಬರೆದು ಕೊಡುತ್ತಾರೆ. ಹುಡುಕಿದವರು ಆ ಠಸ್ಸೆಯನ್ನು ತಮ್ಮ ಪುಸ್ತಕದಲ್ಲಿ ಒತ್ತಿಕೊಳ್ಳುತ್ತಾರೆ, ತಮ್ಮ ಸ್ವಂತ ಠಸ್ಸೆಯನ್ನು ಡಬ್ಬಿಯ ಪುಸ್ತಕದಲ್ಲಿ ಒತ್ತುತ್ತಾರೆ. ಮುಚ್ಚಳ ಹಾಕಿ, ಇದ್ದ ಹಾಗೇ ಇಟ್ಟು ಬರುತ್ತಾರೆ. ಬಹುಮಾನ ಇಲ್ಲ, ಮೊದಲು ಎರಡನೆಯದು ಅಂತ ಇಲ್ಲ.

ನನಗೆ ಇದನ್ನು ಹೇಳಿಕೊಟ್ಟದ್ದು ಒಬ್ಬ ಗಿರಾಕಿ. ಒಂದು ಹುಡುಗಿ ಅಳಿಲಿನ ಚಿತ್ರ ತಂದು ಸ್ಟ್ಯಾಂಪ್ ಮಾಡಿಕೊಡಿ ಅಂದಳು. ಕೆಳಗೆ ಹೆಸರಿಲ್ಲ, ವಿಳಾಸ ಇಲ್ಲ. “ಯಾವ ಕಂಪನಿ ಅಮ್ಮಾ?” ಅಂದೆ. “ಕಂಪನಿ ಅಲ್ಲ ಅಂಕಲ್, ನಾನೇ ಅದು” ಅಂದಳು. ಇಂಗ್ಲೆಂಡಿನಲ್ಲಿ ಎರಡು ವರ್ಷ ಓದಿ ಬಂದವಳು. ಡೆವನ್ ಸೀಮೆಯಲ್ಲಿ ಡಾರ್ಟ್‌ಮೂರ್ ಅಂತ ದೊಡ್ಡ ಬಯಲು ಇದೆಯಂತೆ, ಅಲ್ಲಿ ಅಲೆದು ಈ ಹುಚ್ಚು ಹತ್ತಿಸಿಕೊಂಡಿದ್ದಳು. 1854ರಲ್ಲಿ ಜೇಮ್ಸ್ ಪೆರಟ್ ಅನ್ನುವ ಒಬ್ಬ ದಾರಿ ತೋರಿಸುವವ ಆ ಬಯಲಿನ ನಡುವೆ, ಕ್ರ್ಯಾನ್‌ಮಿಯರ್ ಪೂಲ್ ಅನ್ನುವ ಕಡೆ, ಒಂದು ಜಾಡಿ ಇಟ್ಟನಂತೆ. ಅಷ್ಟು ದೂರ ಕೆಸರು ತುಳಿದು ಬಂದವರು ಗುರುತಿಗೆ ತಮ್ಮ ವಿಸಿಟಿಂಗ್ ಕಾರ್ಡನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು. ಆಮೇಲೆ ವಿಳಾಸ ಬರೆದ ಕಾರ್ಡುಗಳನ್ನು ಬಿಟ್ಟು ಹೋಗುವ ರೂಢಿ ಬಂತು. ಮುಂದೆ ಬಂದವರು ಅದನ್ನು ಒಯ್ದು ಅಂಚೆಗೆ ಹಾಕಬೇಕು. ಆಟಕ್ಕೆ ಆ ಹೆಸರು ಬಂದದ್ದು ಹಾಗೆ. ಪುಸ್ತಕ, ಠಸ್ಸೆ ಎಲ್ಲ ಆಮೇಲೆ ಸೇರಿಕೊಂಡವು. ಅಲ್ಲಿ 100 ಡಬ್ಬಿ ಹುಡುಕಿದವರದ್ದೇ ಒಂದು ಕ್ಲಬ್ ಇದೆ.

ಅಂದರೆ ವಿಸಿಟಿಂಗ್ ಕಾರ್ಡಿನಿಂದ ಶುರುವಾಗಿ ರಬ್ಬರ್ ಸ್ಟ್ಯಾಂಪಿಗೆ ಬಂದು ನಿಂತ ಆಟ. ನನ್ನ ಅಂಗಡಿಯ ಬೋರ್ಡಿನ ಮೇಲೆ ಬರೆದಿರುವುದೂ ಇವೆರಡೇ. ನಾನು ಸೇರದೆ ಇರುವುದು ಹೇಗೆ? 1998ರಲ್ಲಿ ಸ್ಮಿತ್‌ಸೋನಿಯನ್ ಅನ್ನುವ ಮಾಸಪತ್ರಿಕೆಯಲ್ಲಿ ಇದರ ಬಗ್ಗೆ ಒಂದು ಲೇಖನ ಬಂದ ಮೇಲೆ ಅಮೆರಿಕದಲ್ಲೂ ಜನ ಡಬ್ಬಿ ಬಚ್ಚಿಡಲು ಶುರು ಮಾಡಿದರಂತೆ. ನಿಮಗೆ ಪತ್ರ ಬರೆಯುವ ಧೈರ್ಯ ಬಂದದ್ದು ಅದನ್ನು ಕೇಳಿಯೇ.

ಆ ಹುಡುಗಿ ಇನ್ನೊಂದು ಮಾತು ಹೇಳಿದಳು. ಅಂಗಡಿಯಲ್ಲಿ ಮಾಡಿಸಿದ ಠಸ್ಸೆಗಿಂತ ಕೈಯಲ್ಲಿ ಕೆತ್ತಿದ್ದಕ್ಕೇ ಈ ಆಟದಲ್ಲಿ ಬೆಲೆಯಂತೆ. ಸ್ವಲ್ಪ ಕೋಪ ಬಂತು. ಅವತ್ತು ಸಂಜೆ ಐದು ರೂಪಾಯಿಯ ಶಾಲಾ ರಬ್ಬರ್ ತಂದು ಕೂತೆ. ಊರಿಗೆಲ್ಲ ಠಸ್ಸೆ ಮಾಡಿಕೊಟ್ಟವನಿಗೆ ಸ್ವಂತದ್ದು ಒಂದೂ ಇರಲಿಲ್ಲ. ಏನು ಕೆತ್ತುವುದು ಅಂತ ಒಂದು ಗಂಟೆ ಯೋಚಿಸಿ, ಕೊನೆಗೆ ಅವರೆಕಾಯಿ ಕೆತ್ತಿದೆ. ಹುಳ ಸಮೇತ.

ಮೊದಲ ಸಲ ಏನಾಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ. ನಮ್ಮ ಕಡೆಯ ಒಂದು ಪಾರ್ಕಿನಲ್ಲಿ ಕಲ್ಲು ಬೆಂಚಿನ ಕೆಳಗೆ ಒಂದು ಡಬ್ಬಿ ಇಟ್ಟೆ. ಹಳೆಯ ಸ್ಟೀಲ್ ಟಿಫನ್ ಡಬ್ಬಿ. ಮಳೆಗೆ ನೆನೆಯಬಾರದು ಅಂತ ಕಪ್ಪು ಪ್ಲಾಸ್ಟಿಕ್ ಸುತ್ತಿ, ಮೇಲೆ ಟೇಪು ಬಿಗಿದಿದ್ದೆ. ಈಗ ಬರೆಯುವಾಗಲೇ ನನಗೆ ಗೊತ್ತಾಗುತ್ತಿದೆ, ಅದು ನೋಡಲು ಹೇಗಿತ್ತು ಅಂತ. ಮಾರನೇ ದಿನ ಬೆಳಗ್ಗೆ ವಾಕಿಂಗ್ ಬಂದವರೊಬ್ಬರು ನೋಡಿ ಕಾವಲುಗಾರನಿಗೆ ಹೇಳಿದರು. ಅವನು ಸೀಟಿ ಊದಿ ಎಲ್ಲರನ್ನೂ ಗೇಟಿನ ಹೊರಗೆ ಕಳಿಸಿದ. ಪೊಲೀಸರು ಬಂದರು. ಹಾಲು ತರಲು ಹೋಗಿದ್ದ ನಾನು ಗುಂಪು ನೋಡಿ, ವಿಷಯ ಕೇಳಿ, ಹಾಲಿನ ಪ್ಯಾಕೆಟ್ ಕೈಯಲ್ಲೇ ಹಿಡಿದು ಓಡಿದೆ. “ಸಾರ್, ಅದು ನಂದೇ, ಒಳಗೆ ಅವರೆಕಾಯಿ ಇದೆ” ಅಂದುಬಿಟ್ಟೆ. ಠಸ್ಸೆ ಅಂತ ಬಾಯಿಗೆ ಬರಲೇ ಇಲ್ಲ. ಬೈಸಿಕೊಂಡೆ, ಬರೆದುಕೊಟ್ಟು ಬಂದೆ. ಅವರದ್ದು ತಪ್ಪೇನಿಲ್ಲ. ಈ ಊರಿನಲ್ಲಿ ವಾರಸುದಾರರಿಲ್ಲದ ಡಬ್ಬಿ ಕಂಡರೆ ಹೆದರಬೇಕು, ಹೆದರುವುದೇ ಸರಿ.

ಅವತ್ತಿನಿಂದ ನಾವು ಒಂದು ನಿಯಮ ಮಾಡಿಕೊಂಡೆವು. ಡಬ್ಬಿಯನ್ನು ಜಾಗದಲ್ಲಿ ಬಚ್ಚಿಡುವುದಿಲ್ಲ, ಒಬ್ಬ ಮನುಷ್ಯರ ಸುಪರ್ದಿಗೆ ಕೊಡುತ್ತೇವೆ. ಒಳಗಿರುವುದು ಕಾಣುವ ಪಾರದರ್ಶಕ ಡಬ್ಬಿ. ಮುಚ್ಚಳದ ಮೇಲೆ ‘ಇದು ಆಟದ ಡಬ್ಬಿ’ ಅಂತ ದಪ್ಪ ಅಕ್ಷರ. ಡಾರ್ಟ್‌ಮೂರಿನಲ್ಲಿ ಬಂಡೆ ಸಂದಿ ಇದೆ, ನಮ್ಮಲ್ಲಿ ಗಲ್ಲಾಪೆಟ್ಟಿಗೆಯ ಸಂದಿ. ಇದು ನಿಜವಾದ ಲೆಟರ್‌ಬಾಕ್ಸಿಂಗ್ ಅಲ್ಲ ಅಂತ ಆ ಹುಡುಗಿ ಮೊದಮೊದಲು ಮುಖ ಸಣ್ಣ ಮಾಡಿದಳು. ಇರಬಹುದು. ಇಡ್ಲಿಯನ್ನು ರವೆಯಲ್ಲಿ ಮಾಡಿದರೂ ನಾವು ಇಡ್ಲಿ ಅನ್ನುತ್ತೇವಲ್ಲಾ.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ಗೊತ್ತು ಮಾಡಿದೆವು. ಬಸವನಗುಡಿಯ ಐದು ಕಡೆ ಒಪ್ಪಿದರು. ಗಾಂಧಿಬಜಾರಿನ ಹೂವಿನಮ್ಮ, ಒಂದು ಗ್ರಂಥಿಗೆ ಅಂಗಡಿ, ಒಬ್ಬ ಟೈಲರು, ಒಂದು ಕಾಫಿಪುಡಿ ಅಂಗಡಿ, ಒಂದು ಕಾಂಡಿಮೆಂಟ್ಸ್. ಹೂವಿನಮ್ಮ ಮಾತ್ರ, “ಅಣ್ಣಾ, ಇದರೊಳಗೆ ದುಡ್ಡು ಗಿಡ್ಡು ಇಲ್ಲ ತಾನೇ? ಕಳೆದೋದ್ರೆ ನನ್ನ ತಲೆಗೆ ಬರಬಾರದು” ಅಂತ ಎರಡು ಸಲ ತೆಗೆದು ನೋಡಿ ಇಟ್ಟುಕೊಂಡರು.

ಬೆಳಗ್ಗೆ ಎಂಟಕ್ಕೆ 14 ಜನ ಬಂದರು. ಅವರಲ್ಲಿ 11 ಜನರಿಗೆ ಇದು ಹೊಸದು. ಮೊದಲ ಒಂದು ಗಂಟೆ ಕೆತ್ತನೆ. ಚಿತ್ರವನ್ನು ಬಟರ್ ಪೇಪರಿನ ಮೇಲೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆಯಬೇಕು. ಅದನ್ನು ಮಗುಚಿ ರಬ್ಬರಿನ ಮೇಲಿಟ್ಟು ಉಗುರಿನಿಂದ ಉಜ್ಜಿದರೆ ಚಿತ್ರ ಉಲ್ಟಾ ಇಳಿಯುತ್ತದೆ. ಉಲ್ಟಾ ಕೆತ್ತಿದ್ದು ಒತ್ತಿದಾಗ ನೆಟ್ಟಗೆ ಬರುತ್ತದೆ. ಇಷ್ಟು ಸರಳ ವಿಷಯಕ್ಕೆ ಒಬ್ಬ ಇಂಜಿನಿಯರು ಅರ್ಧ ಗಂಟೆ ನನ್ನ ಜೊತೆ ವಾದ ಮಾಡಿದರು. ನಾನು ಎಲ್ಲರಿಗೂ ಹೇಳಿದ್ದು ಒಂದೇ: ಗೆರೆ ಬಳುಕುವ ಕಡೆ ಚಾಕು ತಿರುಗಿಸಬೇಡಿ, ರಬ್ಬರನ್ನು ತಿರುಗಿಸಿ. ತಮ್ಮ ಹೆಸರಿನ ಅಕ್ಷರ ಕೆತ್ತಲು ಹೋದವರು ಸುಸ್ತಾದರು. ಇಂಗ್ಲಿಷಿನ ಎಚ್, ಟಿ ಎಲ್ಲ ನೇರ ಗೆರೆ, ಎರಡು ಕಡೆ ಕೊಯ್ದರೆ ಮುಗಿಯಿತು. ನಮ್ಮ ‘ಅ’ ‘ಠ’ ಗುಂಡಗೆ, ಚಾಕುವಿಗೆ ಪರೀಕ್ಷೆ. ಹತ್ತು ವರ್ಷದ ಒಳಗಿನ ಮಕ್ಕಳಿಗೆ ಚಾಕು ಕೊಡಲಿಲ್ಲ. ಅವರು ಅತ್ತು ರಂಪ ಮಾಡುವ ಮೊದಲೇ ಬೆಂಡೆಕಾಯಿ ಕೊಯ್ದು ಕೊಟ್ಟೆವು. ಶಾಲೆಯಲ್ಲಿ ನಾವೆಲ್ಲ ಬೆಂಡೆಕಾಯಿ ಅಚ್ಚು ಒತ್ತಿದವರೇ ಅಲ್ವಾ? ಆ ದಿನದ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದಿರುವುದು ಬೆಂಡೆಕಾಯಿ ಹೂವುಗಳೇ.

ಖರ್ಚು ಒಬ್ಬರಿಗೆ 60 ರೂಪಾಯಿ ದಾಟಲಿಲ್ಲ. ರಬ್ಬರ್, ಪುಸ್ತಕ, ಇಬ್ಬರಿಗೆ ಒಂದು ಇಂಕ್ ಪ್ಯಾಡ್. ತೆಳು ಹಾಳೆಯ ನೋಟ್‌ಬುಕ್ ಮಾತ್ರ ತರಬೇಡಿ, ಶಾಯಿ ಆಚೆ ಬದಿಗೆ ಇಳಿಯುತ್ತದೆ. ಚಿತ್ರ ಬರೆಯುವ ಪುಸ್ತಕವೇ ಆಗಬೇಕು.

ಆಮೇಲೆ ಸುಳಿವಿನ ಚೀಟಿ ಹಂಚಿದೆವು. ಇದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಕೆಲಸ. ಇಂಗ್ಲಿಷಿನಲ್ಲಿ ದಿಕ್ಸೂಚಿ ಡಿಗ್ರಿ, ಇಷ್ಟು ಅಡಿ ಅಂತ ಬರೆಯುತ್ತಾರಂತೆ. ನಾನು ಒಗಟು ಕಟ್ಟಿದೆ. ‘ಬಸವನ ಪಕ್ಕದಲ್ಲಿ ಬಂಡೆ, ಬಂಡೆಗೆ ಕಹಳೆಯ ಹೆಸರು. ಈಗ ಊದುವವರಿಲ್ಲ, ತಲೆಕೆಳಗಾಗಿ ಮಲಗುವವರು ಮಾತ್ರ ಇದ್ದಾರೆ. ಅವರಿಗೆ ಬೆನ್ನು ಮಾಡಿ ಇಳಿ’ ಅಂತ ಒಂದು. ಕಹಳೆ ಬಂಡೆಯ ಮರಗಳಲ್ಲಿ ನೇತಾಡುವ ಬಾವಲಿಗಳನ್ನು ಆ ಮಕ್ಕಳು ಮೊದಲ ಸಲ ತಲೆಯೆತ್ತಿ ನೋಡಿದರು. ಅಲ್ಲೇ ಹತ್ತಿರ ಮನೆ ಇರುವ ಮಕ್ಕಳು! ಇನ್ನೊಂದು: ‘ಹಸಿರಾಗಿ ಬಂದೆ, ಸುಟ್ಟುಕೊಂಡು ಕಂದಾದೆ, ಪುಡಿಯಾಗಿ ನಿಮ್ಮ ಮನೆಗೆ ಹೊರಟೆ. ಚಿಕೋರಿ ಅನ್ನುವ ನೆಂಟ ಕರೆಯದೆ ಜೊತೆಗೆ ಬಂದ.’ ಇದನ್ನು ಒಡೆಯಲು ಯಾರಿಗೂ ಒಂದು ನಿಮಿಷ ಬೇಕಾಗಲಿಲ್ಲ. ಮೂಗೇ ದಾರಿ ತೋರಿಸುತ್ತದಲ್ಲಾ. ಅಂಗಡಿಗೆ ಹೋದ ಮೇಲೆ “ಠಸ್ಸೆ ಇದೆಯಾ?” ಅಂತ ಕೇಳಬೇಕು. ಕೇಳಿದರೆ ಮಾತ್ರ ಡಬ್ಬಿ ಹೊರಗೆ ಬರುತ್ತದೆ.

ನಾನು ಮಾಡಿದ ತಪ್ಪುಗಳನ್ನು ಬೇರೆಯವರು ಮಾಡಬಾರದು, ಅದಕ್ಕೆ ಬರೆಯುತ್ತೇನೆ. ಟೈಲರ ಅಂಗಡಿಗೆ ‘ಮೂಲೆಯಿಂದ 40 ಹೆಜ್ಜೆ’ ಅಂತ ಬರೆದಿದ್ದೆ. ಅದು ಮಂಡಿ ನೋವಿರುವ ನನ್ನ ಹೆಜ್ಜೆ. ಆರಡಿ ಎತ್ತರದ ಒಬ್ಬ ಹುಡುಗ 40 ಹೆಜ್ಜೆ ಹಾಕಿ ಯಾರದ್ದೋ ಮನೆಯ ಗೇಟು ತೆಗೆದು “ಠಸ್ಸೆ ಇದೆಯಾ?” ಅಂತ ಕೇಳಿದ. ಹೆಜ್ಜೆ ಬೇಡ, ಕರೆಂಟ್ ಕಂಬ ಎಣಿಸಿ. ಇನ್ನೊಂದು ಸುಳಿವಿನಲ್ಲಿ ‘ನೀಲಿ ಗೇಟು’ ಅಂತ ಇತ್ತು. ಆ ಪುಣ್ಯಾತ್ಮರು ಶುಕ್ರವಾರ ಹಸಿರು ಬಣ್ಣ ಹೊಡೆಸಿದ್ದರು. ಹಿಂದಿನ ದಿನ ಒಮ್ಮೆ ಇಡೀ ದಾರಿ ನಡೆದು ನೋಡಲೇಬೇಕು. ಮತ್ತೆ, ಎಲ್ಲರನ್ನೂ ಒಂದೇ ಡಬ್ಬಿಯಿಂದ ಶುರು ಮಾಡಿಸಿದ್ದು ದಡ್ಡತನ. ಹೂವಿನಮ್ಮನ ಮುಂದೆ ಪಡಿತರ ಅಂಗಡಿಯ ಹಾಗೆ ಸಾಲು ನಿಂತಿತು. ವ್ಯಾಪಾರದ ಹೊತ್ತು ಬೇರೆ. ಒಂದೊಂದು ಜೋಡಿಯನ್ನು ಒಂದೊಂದು ಕಡೆಯಿಂದ ಬಿಡಬೇಕಿತ್ತು.

ಕೊನೆಗೆ ಎಲ್ಲರೂ ಕಾಫಿಗೆ ಸೇರಿ ಒಬ್ಬರ ಠಸ್ಸೆಯನ್ನು ಇನ್ನೊಬ್ಬರ ಪುಸ್ತಕದಲ್ಲಿ ಒತ್ತಿಕೊಂಡೆವು. ಅಳಿಲು, ಗಾಳಿಪಟ, ಕನ್ನಡಕ, ಒಬ್ಬರದ್ದು ಬರೀ ಒಂದು ಬೋಂಡಾ. ಮದುವೆ ಮನೆಯಲ್ಲೂ ನಾನು ಇಷ್ಟು ಜನರನ್ನು ಮಾತಾಡಿಸುವವನಲ್ಲ.

ಈಗ ನನ್ನ ಬೇಡಿಕೆ. ಅಂಗಡಿಯವರು ಒಳ್ಳೆಯವರೇ, ಆದರೆ ಅಂಗಡಿ ಬದಲಾಗುತ್ತದೆ. ಮೂರು ವಾರ ಬಿಟ್ಟು ನೋಡಲು ಹೋದರೆ ಕಾಂಡಿಮೆಂಟ್ಸ್ ಇದ್ದ ಕಡೆ ಮೊಬೈಲ್ ಕವರು ಮಾರುತ್ತಿದ್ದರು. ಡಬ್ಬಿ ಎಲ್ಲಿ ಹೋಯಿತೋ ಅವರಿಗೂ ಗೊತ್ತಿಲ್ಲ. ಹೋದದ್ದು ಐದು ರೂಪಾಯಿಯ ರಬ್ಬರ್, ಆದರೆ ಅದರ ಮೇಲಿನ ಚಕ್ಕುಲಿ ಕೆತ್ತಲು ಎರಡು ರಾತ್ರಿ ಕೂತಿದ್ದೆ. ಸುಮ್ನೆ ಎದ್ದು ಹೋಗದ ಜಾಗ ಅಂದರೆ ಬಡಾವಣೆಗಳ ಸಾರ್ವಜನಿಕ ಗ್ರಂಥಾಲಯ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಅಂತ ಶೇಕಡಾ 6 ನಾವು ಕಟ್ಟುತ್ತಲೇ ಇದ್ದೇವೆ. ಅಲ್ಲಿ ಮೇಜಿದೆ, ಮೇಜಿನ ಹಿಂದೆ ಒಬ್ಬರು ಕೂತಿರುತ್ತಾರೆ, ಬಂದವರು ಸಹಿ ಹಾಕುವ ರಿಜಿಸ್ಟರ್ ಇರುತ್ತದೆ. ಆ ರಿಜಿಸ್ಟರ್ ಪಕ್ಕ ಒಂದು ಗೇಣು ಜಾಗ ಸಾಕು. ಡಬ್ಬಿ, ಪುಸ್ತಕ, ಠಸ್ಸೆ ನಾವೇ ತಂದುಕೊಡುತ್ತೇವೆ. ಪುಸ್ತಕ ತುಂಬಿದರೆ ನಾವೇ ಬದಲಾಯಿಸುತ್ತೇವೆ. ಠಸ್ಸೆ ಹುಡುಕಿಕೊಂಡು ಬಂದ ಮಗು ನಾಲ್ಕು ಪುಸ್ತಕದ ಬೆನ್ನಾದರೂ ಓದಿ ಹೋಗುತ್ತದೆ. ಗ್ರಂಥಾಲಯ ಇಲಾಖೆಯವರು ಇದನ್ನು ಓದಿದರೆ ಮೊದಲು ಒಂದೇ ಒಂದು ಶಾಖೆಯಲ್ಲಿ ಇಟ್ಟು ನೋಡಲಿ.

ಲಾಲ್‌ಬಾಗಿನಂಥ ಕಡೆಯೂ ಆಸೆ ಇದೆ. ಕೆಂಪೇಗೌಡರ ಗೋಪುರದ ಬಂಡೆಯ ಮೇಲೆ ಒಂದು ಒಗಟು ಕಟ್ಟಿ ಇಟ್ಟುಕೊಂಡಿದ್ದೇನೆ. ಆದರೆ ಅಲ್ಲಿ ಅನುಮತಿ ಇಲ್ಲದೆ ಒಂದು ಕಡ್ಡಿಪೆಟ್ಟಿಗೆಯನ್ನೂ ಇಡುವುದಿಲ್ಲ. ಒಮ್ಮೆ ಹಾಲಿನ ಪ್ಯಾಕೆಟ್ ಹಿಡಿದು ಓಡಿದ್ದು ಸಾಕು.

ಹೂವಿನಮ್ಮನ ಡಬ್ಬಿ ಮಾತ್ರ ಭದ್ರವಾಗಿದೆ. ಮೊನ್ನೆ ಪುಸ್ತಕ ತೆಗೆದು ನೋಡಿದೆ. ಆ ಭಾನುವಾರದ ಆಮೇಲೆ ಒಂಬತ್ತು ಹೊಸ ಗುರುತು ಬಿದ್ದಿವೆ. ಅದರಲ್ಲಿ ನಾಲ್ಕು ಠಸ್ಸೆ. ಉಳಿದ ಐದು ಕುಂಕುಮದಲ್ಲಿ ಒತ್ತಿದ ಹೆಬ್ಬೆರಳು. ಠಸ್ಸೆ ಇಲ್ಲದೆ ಬಂದವರನ್ನು ಬರಿಗೈಯಲ್ಲಿ ಹೇಗೆ ಕಳಿಸೋದು ಅಂತ ಪಕ್ಕದ ಅಂಗಡಿಯಿಂದ ಕುಂಕುಮ ಇಸಿದುಕೊಂಡರಂತೆ. ಈ ನಿಯಮ ಡಾರ್ಟ್‌ಮೂರಿನಲ್ಲಿ ಇಲ್ಲ.

ಮುಂದಿನ ಸಲ ಚಾಮರಾಜಪೇಟೆಯಲ್ಲಿ ಮಾಡೋಣ ಅಂತಿದ್ದೇವೆ. ರಬ್ಬರ್, ಬೆಂಡೆಕಾಯಿ ನನ್ನದು. ಆ ಕಡೆ ಡಬ್ಬಿ ಇಟ್ಟುಕೊಳ್ಳುವವರು ಇನ್ನೂ ಮೂವರು ಬೇಕು.

ಇಂತಿ,
ಒಬ್ಬ ರಬ್ಬರ್ ಸ್ಟ್ಯಾಂಪ್ ಅಂಗಡಿಯವ
ಹನುಮಂತನಗರ, ಬೆಂಗಳೂರು