ಕಪ್ಪು ಹೊಗೆ ಬಂದರೆ ಮೊದಲು ಗಾಳಿ ಪೈಪ್ ನೋಡಿ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಏರುದಾರಿಗಳಲ್ಲಿ ಕೆಂಪುಕಲ್ಲೋ ಅಡಿಕೆಯೋ ಹೇರಿಕೊಂಡು ಕಪ್ಪು ಹೊಗೆ ಕಾರುತ್ತಾ ಏದುವ ಪಿಕಪ್‌ಗಳು ಕಡಿಮೆಯಿಲ್ಲ. ಗಾಡಿಗೆ ಎಳೆತ ಇಲ್ಲ ಎಂದಾಕ್ಷಣ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿಸುವುದು, ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೋ ಬದಲಿಸುವುದು ರೂಢಿಯಾಗಿಬಿಟ್ಟಿದೆ. ಅಷ್ಟು ದುಡ್ಡು ಸುರಿಯುವ ಮೊದಲು ಟರ್ಬೋದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್‌ಗೆ ಹೋಗುವ ರಬ್ಬರ್ ಹೋಸ್ ಎಲ್ಲಾದರೂ ಸೀಳಿದೆಯೇ ಎಂದು ನೋಡಬೇಕು. ಗಾಳಿ ಸೋರಿ ಹೋದಾಗ ಡೀಸೆಲ್ ಪೂರ್ತಿ ಉರಿಯದೆ ಹೊಗೆಯಾಗುತ್ತದೆ, ಅಷ್ಟೇ.

ಇಂಜಿನನ್ನು ಐಡ್ಲಿಂಗ್‌ನಲ್ಲಿಟ್ಟು (ಆಕ್ಸಿಲರೇಟರ್ ಒತ್ತದೆ) ಹೋಸ್‌ಗೆ ಸಾಬೂನು ನೀರು ಹಚ್ಚಿ ನೋಡಿದರೆ ಏನೂ ಕಾಣದು. ಆಗ ಟರ್ಬೋ ಒತ್ತಡವೇ ಇರುವುದಿಲ್ಲವಲ್ಲ! ಪೆಟ್ರೋಲೋ ಸ್ಪ್ರೇಯೋ ಹೊಡೆದು ಇಂಜಿನ್ ಸದ್ದು ಬದಲಾಗುತ್ತದೆಯೇ ಎಂದು ಕಿವಿಗೊಡುವವರೂ ಇದ್ದಾರೆ. ಡೀಸೆಲ್ ಗಾಡಿಯಲ್ಲಿ ಇದು ಬೇಡವೇ ಬೇಡ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ. ಒಳಗೆ ಸೇರಿದರೆ ಅದೇ ಇಂಧನವಾಗಿ ಇಂಜಿನ್ ಹತೋಟಿ ತಪ್ಪಿ ಓಡೀತು.

ಸರಿಯಾದ ಪರೀಕ್ಷೆಗೆ ಬೇಕಾದದ್ದು ಒಂದು ಪಿವಿಸಿ ಎಂಡ್ ಕ್ಯಾಪ್, ಒಂದು ಟ್ಯೂಬ್‌ಲೆಸ್ ಟಯರ್ ವಾಲ್ವ್, ಒತ್ತಡ ತೋರಿಸುವ ಸೈಕಲ್ ಪಂಪ್. ಕ್ಯಾಪ್‌ಗೆ 11.5 ಮಿ.ಮೀ. ತೂತು ಕೊರೆದು ವಾಲ್ವ್ ಎಳೆದು ಕೂರಿಸಿ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಟರ್ಬೋ ಬಾಯಿಗೆ ಬರುವ ಫಿಲ್ಟರ್ ಪೈಪ್ ಕಳಚಿ, ಅಲ್ಲಿ ತುಂಡು ಹೋಸ್ ಮತ್ತು ಕ್ಲಿಪ್ ಹಾಕಿ ಈ ಕ್ಯಾಪ್ ಬಿಗಿಯಿರಿ. ಆಯಿಲ್ ಹಾಕುವ ಮುಚ್ಚಳ ತೆಗೆದಿಡಲು ಮರೆಯಬೇಡಿ. ಪಿಸ್ಟನ್ ರಿಂಗ್ ಸಂದಿನಿಂದ ಕೆಳಗಿಳಿಯುವ ಗಾಳಿಗೆ ದಾರಿ ಇಲ್ಲದಿದ್ದರೆ ಆಯಿಲ್ ಸೀಲ್‌ಗೆ ಪೆಟ್ಟು. ಆಮೇಲೆ ವಾಲ್ವ್‌ಗೆ ಪಂಪ್ ಹಾಕಿ ಗಾಳಿ ತುಂಬಿ. ಒತ್ತಡ 5–6 ಪಿಎಸ್‌ಐ ಸಾಕು, ಪಂಕ್ಚರ್ ಅಂಗಡಿಯ ಕಂಪ್ರೆಸರ್ ನೇರವಾಗಿ ಕೊಡಬಾರದು. ಪಂಪಿನ ಒತ್ತಡದ ಮುಳ್ಳು ನಿಧಾನವಾಗಿ ಇಳಿದರೆ ಗಾಬರಿ ಬೇಡ, ಇಂಜಿನ್ನಿನ ತೆರೆದ ವಾಲ್ವ್‌ಗಳ ಮೂಲಕ ಸ್ವಲ್ಪ ಹೋಗಿಯೇ ಹೋಗುತ್ತದೆ. ಸೈಲೆನ್ಸರ್‌ನಲ್ಲಿ ಜೋರಾಗಿ ಬುಸ್ ಎಂದರೆ ಮಾತ್ರ ಸ್ಪ್ಯಾನರ್ ಹಾಕಿ ಕ್ರ್ಯಾಂಕ್ ಪುಲ್ಲಿಯನ್ನು ತುಸು ತಿರುಗಿಸಿ. ಈಗ ಬ್ರಶ್‌ನಲ್ಲಿ ಸಾಬೂನು ನೀರು ಹಚ್ಚಿ. ಹೋಸ್‌ನ ಮೇಲ್ಭಾಗ ಮಾತ್ರ ನೋಡಿ ಬಿಟ್ಟುಬಿಡಬೇಡಿ. ಸೀಳು ಹೆಚ್ಚಾಗಿ ಅಡಿಭಾಗದಲ್ಲಿ, ಬ್ರಾಕೆಟ್‌ಗೆ ಉಜ್ಜುವ ಜಾಗದಲ್ಲಿ ಇರುತ್ತದೆ. ಕನ್ನಡಿ ಹಿಡಿದು ನೋಡಿದರೆ ಅಲ್ಲಿ ನೊರೆ ಉಬ್ಬುವುದು ಕಾಣುತ್ತದೆ.

ಸೀಳಿದ ಹೋಸ್ ಬದಲಿಸಲೇಬೇಕು. ಟೇಪ್, ಎಂ-ಸೀಲ್ ಎಲ್ಲ ಮನೆ ಮುಟ್ಟುವವರೆಗಿನ ಉಪಾಯ. ರೇಡಿಯೇಟರ್ ಹೋಸ್ ಕತ್ತರಿಸಿ ಹಾಕುವುದೂ ತಪ್ಪು, ಆಯಿಲ್ ಪಸೆಗೆ ಅದು ಉಬ್ಬಿ ಮೆತ್ತಗಾಗುತ್ತದೆ. ಹೊಸತು ಹಾಕುವ ಮೊದಲು ಪೈಪಿನ ತುದಿಯ ಆಯಿಲನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ ಒಣಗಿಸಿ. ಸಲೀಸಾಗಿ ಏರಲೆಂದು ಗ್ರೀಸ್ ಸವರಿದರೆ ಏರು ಹತ್ತುವಾಗ ಟಪ್ಪೆಂದು ಕಳಚಿಕೊಳ್ಳುವುದು ಖಂಡಿತ. ಕ್ಲಿಪ್ಪು ಪೈಪ್ ತುದಿಯ ಉಬ್ಬು ದಾಟಿ ಒಳಗೆ, ಹೋಸ್ ಅಂಚಿನಿಂದ 5 ಮಿ.ಮೀ. ಬಿಟ್ಟು ಕೂರಬೇಕು. ಅತಿಯಾಗಿ ಬಿಗಿದರೆ ಪಟ್ಟಿ ರಬ್ಬರನ್ನೇ ಕೊಯ್ಯುತ್ತದೆ. ನೊರೆ ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹಂಚುವ ಕವಲು ಪೈಪ್) ಗ್ಯಾಸ್ಕೆಟ್‌ನಲ್ಲಿ ಬಂದರೆ ವರ್ಕ್‌ಶಾಪಿಗೆ ಕೊಡುವುದೇ ಒಳ್ಳೆಯದು, ಬೋಲ್ಟ್ ಕೂರುವ ಅಲ್ಯೂಮಿನಿಯಂ ಮರೆ (ತಿರುಪು ಎಳೆ) ಹಾರಿದರೆ ಖರ್ಚು ದುಪ್ಪಟ್ಟು.

ಫಿಲ್ಟರ್ ಮತ್ತು ಟರ್ಬೋ ನಡುವಿನ ಸೋರಿಕೆ ಇದಕ್ಕಿಂತ ಅಪಾಯ. ಅಲ್ಲಿ ಹೊಗೆಯೂ ಇಲ್ಲ, ಸದ್ದೂ ಇಲ್ಲ. ನಮ್ಮ ಕಲ್ಲುಕೋರೆಗಳ ಕೆಂಪು ಧೂಳು ನೇರ ಒಳಗೆಳೆದು ಟರ್ಬೋ ರೆಕ್ಕೆ, ರಿಂಗ್, ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್ ಒಳಮೈ) ಸವೆಯುತ್ತದೆ. ಫಿಲ್ಟರ್ ಬದಲಿಸುವಾಗಲೆಲ್ಲ ಆ ಪೈಪಿನ ಒಳಮೈಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬಟ್ಟೆ ಕೆಂಪಾದರೆ ಆ ಪೈಪ್, ಕ್ಲಿಪ್, ಫಿಲ್ಟರ್ ಸೀಲ್ ಸರಿಮಾಡುವವರೆಗೆ ಲೋಡ್ ಹಾಕಬೇಡಿ.

– ಒಬ್ಬ ಮೆಕ್ಯಾನಿಕ್, ಬದಿಯಡ್ಕ