ಪೋರ್ಟ್ರೇಟ್ ಮೋಡ್ ಬೇಡ, ಪುಟ್ಟವ್ವಾ

ಪುಟ್ಟವ್ವಾ,

ಹೊಸ ಫೋನ್ ತಗೊಂಡಿದ್ದೀಯಂತೆ, ಕ್ಯಾಮೆರಾ ಛಲೋ ಇದೆಯಂತೆ, ಅಪ್ಪಾಜಿ ಹೇಳಿದರು. ರಜೆಗೆ ಬಂದಾಗ ಬಾದಾಮಿ, ಐಹೊಳೆ, ಪಟ್ಟದಕಲ್ಲು ಸುತ್ತಿ ಫೋಟೋ ತೆಗೆಯುತ್ತೇನೆ, ನಮ್ಮ ಬಾಗಲಕೋಟೆ ನವನಗರದಲ್ಲಿ ತೆಗೆಯುವಂಥದ್ದು ಏನಿದೆ ಅಂದೆಯಂತೆ. ಹೋಗಿ ಬಾ, ಬೇಡ ಅನ್ನಲ್ಲ. ಆದರೆ ಬಾದಾಮಿ ಗುಹೆಗಳ ಫೋಟೋ ತೆಗೆದವರಿಗೆ ಲೆಕ್ಕವಿಲ್ಲ. ನಮ್ಮ ಸೆಕ್ಟರಿನ ಮೂಲೆಯ ಚಹಾದಂಗಡಿಯನ್ನು ಯಾರಾದರೂ ತೆಗೆದಿದ್ದಾರಾ?

ನನ್ನ ಮದುವೆ ಆಲ್ಬಮ್ ನೀನು ನೋಡಿದ್ದೀಯ, ನನ್ನ ಕೇಶಾಲಂಕಾರ ನೋಡಿ ನಕ್ಕಿದ್ದೀಯ. ಈ ಸಲ ನಮ್ಮನ್ನು ಬಿಟ್ಟು ಹಿಂದೇನಿದೆ ಅಂತ ನೋಡು. ಅಕ್ಕಿಕಾಳು ಹಾಕುವ ಫೋಟೋದಲ್ಲಿ ನನ್ನ ಸೋದರಮಾವನ ಹೆಗಲ ಪಕ್ಕ ಅರ್ಧ ಬಾಗಿಲು ಕಾಣುತ್ತದೆ, ಬಾಗಿಲ ಬದಿಗೆ ಗೋಡೆಯಲ್ಲಿ ದೀಪ ಇಡುವ ಗೂಡು, ಗೂಡಿನ ಮೇಲೆ ಉದ್ದಕ್ಕೆ ಹತ್ತಿದ ಎಣ್ಣೆ ಮಸಿ. ಅದು ಹಳೇ ಬಾಗಲಕೋಟೆಯ ಕಿಲ್ಲಾ ಓಣಿಯ ನಿನ್ನ ಅಜ್ಜನ ಮನೆ. ಫೋಟೋದಲ್ಲಿ ಆ ಮನೆ ಅಂತ ಉಳಿದಿದ್ದು ಅಷ್ಟೇ. ಅಂಗಳ ಇಲ್ಲ, ಮಾಳಿಗೆ ಇಲ್ಲ, ಮನೆ ಮುಂದಿನ ಕಟ್ಟೆ ಇಲ್ಲ. ಆಗ ಒಂದು ರೀಲಿಗೆ 36 ಫೋಟೋ, ತೊಳೆಸೋದು ಬೇರೆ, ಪ್ರಿಂಟ್ ಬೇರೆ, ಗೋಡೆಗೆ ಯಾರು ರೀಲು ಖರ್ಚು ಮಾಡುತ್ತಾರೆ?

2000ರಲ್ಲಿ ಸುಪ್ರೀಂ ಕೋರ್ಟು ಆಲಮಟ್ಟಿ ಅಣೆಕಟ್ಟಿನಲ್ಲಿ 519.6 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. ಘಟಪ್ರಭೆಯ ಹಿನ್ನೀರು ಓಣಿಗಳಿಗೆ ಬಂತು, ನಾವು ಇಲ್ಲಿಗೆ, ನವನಗರಕ್ಕೆ ಬಂದೆವು. ಪರಿಹಾರಕ್ಕೆ ಅಂತ ಮನೆಯ ಉದ್ದ, ಅಗಲ, ಗೋಡೆ ಕಲ್ಲಿನದೋ ಮಣ್ಣಿನದೋ ಎಲ್ಲ ಬರೆದುಕೊಂಡು ಹೋದರು. ಆ ಕಾಗದ ಇವತ್ತಿಗೂ ಟ್ರಂಕಿನಲ್ಲಿದೆ. ಮನೆ ಎಷ್ಟು ಅಡಿ ಇತ್ತು ಅಂತ ಗೊತ್ತು, ಹೇಗಿತ್ತು ಅಂತ ನಿನಗೆ ತೋರಿಸೋಕೆ ಏನೂ ಇಲ್ಲ. ನಮ್ಮ ದೇವರ ಕೋಣೆಯ ಬಾಗಿಲು ಮಾತ್ರ ಅಲ್ಲಿಂದ ಬಂದದ್ದು, ಅದನ್ನಾದರೂ ಒಂದು ತೆಗೆದಿಡು.

ಅದಕ್ಕೇ ಮೊದಲನೇ ಮಾತು: ಪೋರ್ಟ್ರೇಟ್ ಮೋಡ್ ಬೇಡ. ಮುಖ ಚೆನ್ನಾಗಿ ಬರುತ್ತದೆ, ಒಪ್ಪುತ್ತೇನೆ, ಆದರೆ ಹಿಂದಿನದೆಲ್ಲ ಮಸುಕು ಮಾಡುತ್ತದೆ. ಆವತ್ತಿನ ಫೋಟೋಗ್ರಾಫರ್ ಹತ್ತಿರ ಅದು ಇದ್ದಿದ್ದರೆ ಆ ಅರ್ಧ ಬಾಗಿಲೂ ನನಗೆ ಸಿಗುತ್ತಿರಲಿಲ್ಲ.

ನವನಗರ ಹೊಸ ಊರು, ಇಲ್ಲೇನು ಹಳೆಯದಾಗುತ್ತದೆ ಅಂದುಕೊಳ್ಳಬೇಡ. ನಕ್ಷೆ ಹಾಕಿ ಕಟ್ಟಿದ ಊರಿದು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅಂಥವರು ಯೋಜನೆ ಮಾಡಿದ್ದು, ಎಲ್ಲಕ್ಕೂ ಸೆಕ್ಟರ್ ನಂಬರು. ಆದರೆ ಆಟೋದವನಿಗೆ ನಾವು ನಂಬರು ಹೇಳುತ್ತೇವಾ? ನೀರಿನ ಟಾಕಿ ಹತ್ತಿರ, ಗಿರಣಿ ದಾಟಿ, ದೊಡ್ಡ ಬೇವಿನ ಗಿಡದ ಎಡಕ್ಕೆ ಅನ್ನುತ್ತೇವೆ. ಆ ಬೇವಿನ ಗಿಡದ ಒಂದು ಪಕ್ಕದ ಟೊಂಗೆಗಳನ್ನು ಕರೆಂಟ್ ತಂತಿ ಸಲುವಾಗಿ ಕಡಿದಿದ್ದಾರೆ, ನೀನು ನೋಡಿದರೆ ಗುರುತು ಸಿಗಲಿಕ್ಕಿಲ್ಲ. ಮೊದಲು ಬಂದವರು ಕಟ್ಟಿದ ಒಂದಂತಸ್ತಿನ ಮನೆಗಳನ್ನು ಅವರ ಮಕ್ಕಳು ಈಗ ಕೆಡವಿ ಮೂರಂತಸ್ತು ಏರಿಸುತ್ತಿದ್ದಾರೆ. ನೀನು ಸೈಕಲ್ ಕಲಿತ ಖಾಲಿ ಸೈಟು ನೆನಪಿದೆಯಲ್ಲ, ಬರೀ ಜಾಲಿ ಬೆಳೆದಿತ್ತು, ಅಲ್ಲೀಗ ಪಿಲ್ಲರ್ ನಿಂತಿವೆ. ಗಿರಣಿಯ ಕೈಬರಹದ ಬೋರ್ಡು ಇನ್ನೂ ಇದೆ, ಫ್ಲೆಕ್ಸ್ ಬರುವ ಮೊದಲು ತೆಗೆದುಬಿಡು.

ಒಂದೇ ಜಾಗದಲ್ಲಿ ನಿಂತು ತೆಗೆ, ಅದು ಬಹಳ ಮುಖ್ಯ. ಗಿರಣಿ ಎದುರಿನ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲು, ಟಾಕಿ ಬಲಗಡೆ ಅಂಚಿಗೆ ಬರುವ ಹಾಗೆ ಹಿಡಿ, ಮುಂದಿನ ರಜೆಗೂ ಅಲ್ಲೇ ನಿಂತು ಹಾಗೇ ಹಿಡಿ. ಹಳೇ ಬಾಗಲಕೋಟೆ ಕಡೆ ಹಿನ್ನೀರಿನ ದಂಡೆಗೆ ಹೋದಾಗಲೂ ಅಷ್ಟೇ. ಆಗಸ್ಟಿನಲ್ಲಿ ಬಂದರೆ ಕಣ್ಣು ಹಾಯುವಷ್ಟು ನೀರು, ಮೇ ತಿಂಗಳಲ್ಲಿ ಅದೇ ಜಾಗದಲ್ಲಿ ಬಿರುಕು ಬಿಟ್ಟ ಕರಿ ಮಣ್ಣು, ನಡುವೆ ಯಾರದೋ ಮನೆಯ ತಳಪಾಯದ ಕಲ್ಲು. ಎರಡೂ ಬೇಕು. 2010ರಲ್ಲಿ ಕೃಷ್ಣಾ ನೀರು ಹಂಚಿಕೆಯ ನ್ಯಾಯಮಂಡಳಿ ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನಿಲ್ಲಿಸಬಹುದು ಅಂತ ತೀರ್ಪು ಕೊಟ್ಟಿದೆ. ಅಷ್ಟು ನಿಲ್ಲಿಸಿದರೆ ಈಗಿನ ದಂಡೆಯೂ ಒಳಗೆ ಹೋಗುತ್ತದೆ.

ಬೇರೆಯವರ ಮನೆ ತೆಗೆಯುವಾಗ ಕೇಳಿ ತೆಗೆ. ಮುಳುಗಡೆ ಕಂಡ ಮಂದಿ ನಾವು, ಮನೆ ಮುಂದೆ ಯಾರಾದರೂ ಫೋಟೋ ತೆಗೆದರೆ ಸರ್ವೆದವರು ಬಂದರು ಅಂತಲೇ ಎದೆ ಧಸಕ್ ಅನ್ನುತ್ತದೆ. ನೀನು ಯಾರ ಮಗಳು ಅಂತ ಹೇಳಿಬಿಡು, ಚಹಾನೂ ಕೊಡುತ್ತಾರೆ, ಒಳಗೂ ಕರೆದು ತೋರಿಸುತ್ತಾರೆ. ಹೊತ್ತೇರಿದ ಮೇಲೆ ಹೋಗಬೇಡ, ಬಿಸಿಲಿಗೆ ಎಲ್ಲ ಬೆಳ್ಳಗಾಗುತ್ತದೆ. ಹೋಳಿ ಹಬ್ಬಕ್ಕೆ ಬರುವುದಾದರೆ ಫೋನಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೇ ಹಳೇ ಊರಿಗೆ ಇಳಿ. ಬಣ್ಣದ ಬಂಡಿ ಮುಂದೆ ಹೊಸ ಫೋನು ಹಳೇ ಫೋನು ಅಂತ ಭೇದ ಇಲ್ಲ.

ಮತ್ತೆ ಸುಮ್ನೆ ವಾಟ್ಸಾಪಿಗೆ ಹಾಕಬೇಡ, ಫೋಟೋ ಸಣ್ಣದಾಗುತ್ತದೆ, ತೆಗೆದ ದಿನಾಂಕವೂ ಹೋಗುತ್ತದೆ. ಡಾಕ್ಯುಮೆಂಟ್ ಮಾಡಿ ಕಳಿಸು, ಯಾರ ಮನೆ, ಯಾವ ಸೆಕ್ಟರ್ ಅಂತ ಕೆಳಗೆ ಬರಿ. ನಿನ್ನ ಹಳೇ ಫೋನ್ ಮಾರಿಲ್ಲ ತಾನೇ? 2019ರ ಆಗಸ್ಟಿನ ಪ್ರವಾಹದ ಫೋಟೋಗಳು ಅದರಲ್ಲೇ ಇವೆ. ಬರುವಾಗ ತಗೊಂಡು ಬಾ, ಚಾರ್ಜರ್ ಸಮೇತ.

ನಿನ್ನ
ಅವ್ವ